ಮಹಾಲಕ್ಷ್ಮಿಯಿಂದ ಎಂ.ಜಿ. ರಸ್ತೆಗೆ ಒಂಬತ್ತು ನಿಲ್ದಾಣ

ಕರಿಕೋಟನ್ನು ತೋಳಿನ ಮೇಲೆ ಮಡಚಿಟ್ಟುಕೊಂಡು ಕುರುಬರಹಳ್ಳಿಯಿಂದ ಹೊರಟ ಕಾನೂನು ವಿದ್ಯಾರ್ಥಿಗೆ ಮಹಾಲಕ್ಷ್ಮಿ ಮೆಟ್ರೊ ನಿಲ್ದಾಣ ಹತ್ತಿರ. ಅಲ್ಲಿಂದ ರಾಜಾಜಿನಗರ, ಕುವೆಂಪು ರಸ್ತೆ, ಶ್ರೀರಾಂಪುರ, ಸಂಪಿಗೆ ರಸ್ತೆ, ಮೆಜೆಸ್ಟಿಕ್. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗ ಬಿಟ್ಟು ನೇರಳೆ ಹತ್ತಿದರೆ ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ. ಬೆರಳು ಮಡಚಿ ಎಣಿಸಿದರೆ ಒಂಬತ್ತು. ಆ ಕೊನೆಯ ಎರಡು ನಿಲ್ದಾಣಗಳ ಸುತ್ತಮುತ್ತಲಿನ ಗಾಜಿನ ಕಟ್ಟಡಗಳಲ್ಲಿ ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಲಾ ಫರ್ಮ್‌ಗಳ ಕಚೇರಿಗಳಿವೆ. ರೈಲು ಅಲ್ಲಿಗೆ ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತದೆ. ಅದೇ ದಾರಿಯಲ್ಲಿ ಒಂದು ಅರ್ಜಿ ಹೋಗಿ ಮುಟ್ಟಲು, ಮುಟ್ಟಿ ಉತ್ತರ ತರಲು, ಎಷ್ಟೋ ಸಲ ಒಂದು ವರ್ಷ ಹಿಡಿಯುತ್ತದೆ.

ಆರನೆಯ ನಿಲ್ದಾಣಕ್ಕೆ ಈ ಕತೆಯಲ್ಲಿ ವಿಶೇಷ ಜಾಗವಿದೆ. ನ್ಯಾಷನಲ್ ಲಾ ಸ್ಕೂಲ್ ಸ್ಥಾಪಿಸುವ ಕಾಯ್ದೆಯನ್ನು ಕರ್ನಾಟಕದ ಶಾಸಕಾಂಗ 1986ರಲ್ಲಿ ಮಾಡಿತು. ಎನ್.ಆರ್. ಮಾಧವ ಮೆನನ್ ಮೊದಲ ನಿರ್ದೇಶಕರು. 1988ರಲ್ಲಿ ಮೊದಲ ತಂಡ ಪಾಠಕ್ಕೆ ಕೂತದ್ದು ಇದೇ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಪಿಯುಸಿ ಮುಗಿಸಿದವರಿಗೆ ಐದು ವರ್ಷ, ಮನೆ ಬಿಟ್ಟು ಹಾಸ್ಟೆಲ್ಲಿನಲ್ಲಿದ್ದು ಕಾನೂನು ಕಲಿಯುವ ಪದ್ಧತಿಯನ್ನು ದೇಶಕ್ಕೆ ರೂಢಿ ಮಾಡಿಸಿದ್ದು ಈ ಶಾಲೆ. ಕೆಲವೇ ವರ್ಷಗಳಲ್ಲಿ ಅದು ನಾಗರಬಾವಿಗೆ ಹೋಯಿತು. ಅಂದರೆ ಕುರುಬರಹಳ್ಳಿಗೆ ಏಳೆಂಟು ಕಿಲೋಮೀಟರ್ ದೂರಕ್ಕೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ತಿರುವುಮುರುವಾಗಿದೆ. ಗಿಡದಲ್ಲಿ ಮದ್ದೇನೋ ಇದೆ, ಹಿತ್ತಿಲಿನವರ ಕೈಗೆ ಎಟುಕುವುದು ಕಷ್ಟ.

ಎಟುಕದಿರಲು ಕಾರಣ ಗುಟ್ಟೇನಲ್ಲ. ಪ್ರವೇಶ ಪರೀಕ್ಷೆ ಕ್ಲ್ಯಾಟ್ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಪರೀಕ್ಷೆಯ ಅರ್ಜಿ ಶುಲ್ಕವೇ ಸಾಮಾನ್ಯ ವರ್ಗದವರಿಗೆ 4,000 ರೂಪಾಯಿ. ಕೋಚಿಂಗ್ ಬೇರೆ. ರಾಜ್ಯದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟು ಮೀಸಲಿಡಲು ಸರ್ಕಾರ 2020ರಲ್ಲಿ ತಂದ ತಿದ್ದುಪಡಿಯನ್ನು ಅದೇ ವರ್ಷ ಸೆಪ್ಟೆಂಬರ್ 29ರಂದು ಹೈಕೋರ್ಟ್ ಅನೂರ್ಜಿತಗೊಳಿಸಿತು. ಬಳಿಕ ಶಾಲೆಯೇ ತನ್ನ ಯೋಜನೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 25ರ ಪಾಲು ಇಟ್ಟಿತು. ಇದಕ್ಕೂ ಮೊದಲೇ ಇದೇ ಶಾಲೆಯ ಹಳೆಯ ವಿದ್ಯಾರ್ಥಿ ಶಮ್ನಾದ್ ಬಷೀರ್ 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಕಟ್ಟಿ, ಬಡ ಮನೆಗಳ ಮಕ್ಕಳನ್ನು ಹುಡುಕಿ, ತರಬೇತಿ ಕೊಟ್ಟು ಇಂಥ ಶಾಲೆಗಳಿಗೆ ಸೇರಿಸುವ ಕೆಲಸ ಶುರುಮಾಡಿದ್ದರು. 2019ರಲ್ಲಿ ಚಿಕ್ಕಮಗಳೂರಿನ ಗಿರಿಸಾಲಿನಲ್ಲಿ ಅವರು ತೀರಿಕೊಂಡರು. ಸಂಸ್ಥೆ ಇನ್ನೂ ನಡೆಯುತ್ತಿದೆ.

ಆದರೆ ಈ ಲೇಖನದ ವಿದ್ಯಾರ್ಥಿ ನಾಗರಬಾವಿಯವಳಲ್ಲ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಬರುವ ಯಾವುದೋ ಒಂದು ಬೆಂಗಳೂರು ಕಾಲೇಜಿನಲ್ಲಿ ಓದುವವಳು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಈ ಮೊದಲು ಯಾರೂ ವಕೀಲರಾಗಿಲ್ಲ. ಅಪ್ಪನಿಗೆ ಗೊತ್ತಿರುವ ವಕೀಲರೆಂದರೆ ಬಾಡಿಗೆ ಕರಾರಿಗೆ ಮುದ್ರೆ ಹಾಕಿಕೊಡುವ ನೋಟರಿ. ಇಂಥ ಹುಡುಗಿ ದೊಡ್ಡ ಫರ್ಮ್‌ನಲ್ಲಿ ನಾಲ್ಕು ವಾರ ಕಲಿಯಲು ಹೇಗೆ ಅರ್ಜಿ ಹಾಕಬೇಕು, ಅವಳ ಕೈಯಲ್ಲಿ ಏನಿದೆ, ಏನಿಲ್ಲ?

ನಾಲ್ಕು ವಾರದ ತುಂಡುಗಳು

ಇಂಟರ್ನ್‌ಶಿಪ್ ಮನಸ್ಸಿದ್ದರೆ ಮಾಡುವ, ಇಲ್ಲದಿದ್ದರೆ ಬಿಡುವ ಕೆಲಸವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಮಾಡಲೇಬೇಕು. ಸ್ವಯಂಸೇವಾ ಸಂಸ್ಥೆ, ನ್ಯಾಯಾಂಗ, ಶಾಸಕಾಂಗ, ಸ್ಥಳೀಯ ಆಡಳಿತ, ಕಂಪನಿ, ಲಾ ಫರ್ಮ್ ಎಲ್ಲವೂ ಆ ಪಟ್ಟಿಯಲ್ಲಿವೆ. ಎರಡು ಷರತ್ತುಗಳನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು: ಯಾವ ವರ್ಷವೂ ಸತತ ನಾಲ್ಕು ವಾರ ಮೀರುವಂತಿಲ್ಲ, ಕೋರ್ಸು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ನ್ಯಾಯಾಲಯ ಮತ್ತು ಮೇಲ್ಮನವಿ ನ್ಯಾಯಾಲಯಗಳ ವಕೀಲರ ಬಳಿ ಕಲಿತಿರಬೇಕು.

ಈ ನಾಲ್ಕು ವಾರಕ್ಕೆ ಇಷ್ಟೊಂದು ಬೆಲೆ ಬಂದದ್ದಕ್ಕೆ ಒಂದು ಹಳೆಯ ಕಾರಣವಿದೆ. 1961ರ ವಕೀಲರ ಕಾಯ್ದೆ ಮೊದಲು ಬಂದಾಗ ಪದವಿಯ ನಂತರ ತರಬೇತಿ, ಪರೀಕ್ಷೆ ಎರಡೂ ಇದ್ದವು. 1973ರ ತಿದ್ದುಪಡಿ ಅವನ್ನು ತೆಗೆದುಹಾಕಿತು. 1995ರಲ್ಲಿ ಪರಿಷತ್ತು ಒಂದು ವರ್ಷದ ತರಬೇತಿಯನ್ನು ನಿಯಮದ ಮೂಲಕ ಮತ್ತೆ ತಂದಿತು. ಹಾಗೆ ತರುವ ಅಧಿಕಾರ ಪರಿಷತ್ತಿಗಿಲ್ಲ ಎಂದು 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರೀಕ್ಷೆಯೇನೋ ಮುಂದೆ ಅಖಿಲ ಭಾರತ ವಕೀಲರ ಪರೀಕ್ಷೆಯಾಗಿ ಮರಳಿತು, 2011ರಲ್ಲಿ ಮೊದಲ ಸಲ ನಡೆಯಿತು, 2023ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ತರಬೇತಿ ಮರಳಲಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬದ ಹುಡುಗನೊಬ್ಬ ಲಂಡನ್ನಿನಲ್ಲಿ ಸಾಲಿಸಿಟರ್ ಆಗಲು ಹೊರಟರೆ ದಾರಿ ಬೇರೆ. ರಜೆಯಲ್ಲಿ ಫರ್ಮ್ ಕೆಲವು ವಾರ ಸಂಬಳ ಕೊಟ್ಟು ಕರೆಸಿ ನೋಡುತ್ತದೆ. ಮೆಚ್ಚಿದರೆ ಎರಡು ವರ್ಷದ ತರಬೇತಿ ಒಪ್ಪಂದ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೊಂದರಂತೆ ನಾಲ್ಕು ವಿಭಾಗ ಸುತ್ತಿಸುತ್ತದೆ. 2021ರಲ್ಲಿ ಪರೀಕ್ಷಾ ಪದ್ಧತಿ ಬದಲಾದರೂ ಎರಡು ವರ್ಷದ ಕೆಲಸದ ಅನುಭವ ಬೇಕೆಂಬ ಷರತ್ತು ಉಳಿದಿದೆ. ನಮ್ಮಲ್ಲಿ ಅದಿಲ್ಲವಾದ್ದರಿಂದ ಆ ಎರಡು ವರ್ಷದ ಕೆಲಸವನ್ನೆಲ್ಲ ಓದುವಾಗಲೇ ನಾಲ್ಕು ನಾಲ್ಕು ವಾರದ ತುಂಡುಗಳಲ್ಲಿ ಮುಗಿಸಿಕೊಳ್ಳಬೇಕು. ಫರ್ಮ್‌ಗೂ ಹುಡುಗರನ್ನು ತೂಗಿನೋಡಲು ಅಷ್ಟೇ ಅವಕಾಶ. ಕೊನೆಯ ವರ್ಷಗಳಲ್ಲಿ ಬಂದವರಲ್ಲಿ ಹಿಡಿಸಿದವರಿಗೆ ಅಲ್ಲೇ ಕೆಲಸದ ಮಾತು ಕೊಡುವುದಕ್ಕೆ ವಿದ್ಯಾರ್ಥಿಗಳ ಬಾಯಲ್ಲಿ ‘ಪಿಪಿಒ’ ಎಂದು ಹೆಸರು. ನಾಗರಬಾವಿಯಂಥ ಕಡೆ ಕ್ಯಾಂಪಸ್ ನೇಮಕಾತಿಯ ಮೊದಲ ದಿನ ‘ಡೇ ಜೀರೊ’. ಸೊನ್ನೆಯಿಂದ ಎಣಿಕೆ ಶುರುಮಾಡುವ ಈ ಹೆಸರನ್ನು ಯಾರಿಟ್ಟರೋ, ಅಂದು ಕೆಲಸ ಸಿಗದವರ ಮನಸ್ಥಿತಿಗೆ ಅದು ಸರಿಯಾಗಿ ಹೊಂದುತ್ತದೆ.

ಯಾರ ಬಾಗಿಲು

ಫರ್ಮ್‌ಗಳ ವಂಶಾವಳಿಯನ್ನು ತಿಳಿದುಕೊಳ್ಳದೆ ಅರ್ಜಿ ಹಾಕುವವರು ಮೊದಲ ಸಾಲಿನಲ್ಲೇ ಎಡವುತ್ತಾರೆ. ಖೇತಾನ್ ಅಂಡ್ ಕಂಪನಿ 1911ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ್ದು. ಅಮರ್‌ಚಂದ್ ಮಂಗಲದಾಸ್ 1917ರದ್ದು, ಮನೆತನದ್ದು. 2015ರಲ್ಲಿ ಅಣ್ಣತಮ್ಮಂದಿರ ಪಾಲಾಗಿ ಸಿರಿಲ್ ಅಮರ್‌ಚಂದ್ ಮಂಗಲದಾಸ್, ಶಾರ್ದೂಲ್ ಅಮರ್‌ಚಂದ್ ಮಂಗಲದಾಸ್ ಎಂಬ ಎರಡು ಸಂಸ್ಥೆಗಳಾದವು. ಒಬ್ಬರಿಗೆ ಬರೆದ ಪತ್ರವನ್ನೇ ಇನ್ನೊಬ್ಬರಿಗೂ ಕಳಿಸುವಾಗ ಮೊದಲ ಹೆಸರು ಬದಲಿಸಲು ಮರೆತರೆ ಆಯಿತು, ಮುಂದಿನ ಎರಡು ಪುಟ ಯಾರೂ ಓದುವುದಿಲ್ಲ. ಹೊಸ ಕಾಲದವೂ ಇವೆ. 2000ದಲ್ಲಿ ಶುರುವಾದ ಟ್ರೈಲೀಗಲ್ ಕಟ್ಟಿದವರಲ್ಲಿ ಒಬ್ಬರಾದ ರಾಹುಲ್ ಮತ್ತನ್ ಲಾ ಸ್ಕೂಲಿನವರು, ಬೆಂಗಳೂರಿನಲ್ಲೇ ಇರುವವರು.

ಈ ಸಂಸ್ಥೆಗಳು ನೂರಾರು ವಕೀಲರನ್ನು ಇಟ್ಟುಕೊಳ್ಳುವಷ್ಟು ಬೆಳೆದದ್ದು ಈಚಿನ ಮಾತು. ಹಳೆಯ ಕಂಪನಿ ಕಾಯ್ದೆಯಲ್ಲಿ ಒಂದು ಪಾಲುದಾರಿಕೆ ಸಂಸ್ಥೆಗೆ 20 ಪಾಲುದಾರರ ಮಿತಿಯಿತ್ತು. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ ಬೇರೆ ದಾರಿ ತೆರೆಯಿತು. ಇನ್ನೊಂದು ಸ್ವಾರಸ್ಯ: ವಕೀಲರು ಜಾಹೀರಾತು ಕೊಡುವಂತಿಲ್ಲ. ತಮ್ಮ ಜಾಲತಾಣದಲ್ಲಿ ಇಂತಿಷ್ಟೇ ವಿವರ ಹಾಕಬಹುದು ಎಂಬ ಸಡಿಲಿಕೆ ಬಂದದ್ದೇ 2008ರಲ್ಲಿ. ತನ್ನ ಬಗ್ಗೆ ಹೊಗಳಿ ಹೇಳಿಕೊಳ್ಳುವಂತಿಲ್ಲದ ವೃತ್ತಿಗೆ ಸೇರಲು ಮಾತ್ರ ಎರಡು ಪುಟ ತುಂಬ ತನ್ನನ್ನು ಹೊಗಳಿಕೊಳ್ಳಬೇಕು.

ಬಾಗಿಲು ತಟ್ಟುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಕೆಲವರು ಜಾಲತಾಣದಲ್ಲಿ ಅರ್ಜಿ ನಮೂನೆ ಇಟ್ಟಿದ್ದಾರೆ. ಕೆಲವರು ಇ–ಮೇಲ್‌ನಲ್ಲಿ ಸಿವಿ ಮತ್ತು ಒಂದು ಪುಟದ ಪತ್ರ ಕೇಳುತ್ತಾರೆ. ಹೆಸರಾಂತ ಶಾಲೆಗಳಲ್ಲಿ ವಿದ್ಯಾರ್ಥಿಗಳದೇ ಸಮಿತಿ ಒಟ್ಟುಗೂಡಿಸಿ ಕಳಿಸುತ್ತದೆ. ನಮ್ಮ ಹುಡುಗಿಯ ಕಾಲೇಜಿನಲ್ಲಿ ಅಂಥದ್ದು ಇಲ್ಲದಿರಬಹುದು. ಮೇ–ಜೂನ್ ಮತ್ತು ಡಿಸೆಂಬರ್ ಎಲ್ಲರಿಗೂ ಬೇಕಾದ ತಿಂಗಳು. ದೊಡ್ಡ ಕಚೇರಿಗಳಲ್ಲಿ ಅವು ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತವೆ. ಇಲ್ಲಿ ಇವಳಿಗೊಂದು ಹೆಚ್ಚಿನ ತೊಡಕು. ಮುಂದಿನ ಸೆಮಿಸ್ಟರ್ ಪರೀಕ್ಷೆ ಯಾವಾಗ ಎಂದು ಆರು ತಿಂಗಳ ಮೊದಲು ಖಾತ್ರಿಯಾಗಿ ಹೇಳುವುದು ಕಷ್ಟ. ಕೊರೊನಾ ಕಾಲದಲ್ಲಂತೂ ಕಾನೂನು ವಿ.ವಿ. ಪರೀಕ್ಷೆಗಳೇ ಹೈಕೋರ್ಟ್ ಮೆಟ್ಟಿಲೇರಿದ್ದವು. ಅದಕ್ಕೇ ಪತ್ರದಲ್ಲಿ ಒಂದೇ ತಿಂಗಳು ಹೆಸರಿಸುವ ಬದಲು ಎರಡು ಮೂರು ತಿಂಗಳು ಕೊಡುವುದು, ಜೊತೆಗೆ ಯಾರೂ ಹೆಚ್ಚು ಕೇಳದ ಫೆಬ್ರುವರಿ ಅಥವಾ ಸೆಪ್ಟೆಂಬರನ್ನೂ ಸೇರಿಸುವುದು ಜಾಣತನ. ಊರಿನಲ್ಲೇ ಇರುವವರಿಗೆ ಮಾತ್ರ ಸಾಧ್ಯವಾಗುವ ಜಾಣತನ ಅದು.

ಸಿವಿ ಎರಡು ಪುಟ ಮೀರಬಾರದು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಏನಿರಬೇಕು ಎನ್ನುವುದೇ ಮುಖ್ಯ. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಸ್ಪರ್ಧೆಗಳು, ಪ್ರಕಟಿತ ಲೇಖನಗಳು ಇದ್ದರೆ ಒಳ್ಳೆಯದೇ. ಹಣ ಕಟ್ಟಿಸಿಕೊಂಡು ಮನೆಯಲ್ಲಿ ಕೂತವರಿಗೂ ಪ್ರಮಾಣಪತ್ರ ಕೊಡುವ ಆನ್‌ಲೈನ್ ಇಂಟರ್ನ್‌ಶಿಪ್ಪುಗಳ ಪಟ್ಟಿ ಇದ್ದರೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ‘ಕಂಪನಿ ವಿಲೀನ–ಸ್ವಾಧೀನದಲ್ಲಿ ತೀವ್ರ ಆಸಕ್ತಿ’ ಎಂದು ಬರೆದರೆ ಸಾಲದು, ಆಸಕ್ತಿಗೆ ಗುರುತು ಬೇಕು. ಗುರುತು ಸಂಪಾದಿಸಲು ಖರ್ಚಿಲ್ಲ. ಷೇರು ಮಾರುಕಟ್ಟೆಗೆ ಬರುವ ಕಂಪನಿಗಳು ಸಲ್ಲಿಸುವ ಕರಡು ಪತ್ರ ಸೆಬಿ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ನೂರಾರು ಪುಟ. ಬೆಂಗಳೂರಿನದೇ ಒಂದು ಕಂಪನಿಯದನ್ನು ಆರಿಸಿಕೊಂಡು ಮೊಕದ್ದಮೆಗಳ ಅಧ್ಯಾಯ, ಮುಖ್ಯ ಒಪ್ಪಂದಗಳ ಅಧ್ಯಾಯ, ಅಪಾಯಗಳ ಅಧ್ಯಾಯ ಓದಿ ಒಂದು ಪುಟದ ಟಿಪ್ಪಣಿ ಬರೆದಿಟ್ಟುಕೊಂಡ ಹುಡುಗಿಗೆ ಸಂದರ್ಶನದಲ್ಲಿ ಹೇಳಲು ಮಾತಿರುತ್ತದೆ. ಸ್ಪರ್ಧಾ ಆಯೋಗದ ಆದೇಶಗಳೂ ಹಾಗೆಯೇ ತೆರೆದಿವೆ.

ಸಂದರ್ಶನ ಎಂದರೆ ಹೆಚ್ಚಿನಂಶ ಹದಿನೈದು ಇಪ್ಪತ್ತು ನಿಮಿಷದ ಫೋನ್ ಕರೆ. ಕೇಳುವುದು 1872ರ ಕರಾರು ಕಾಯ್ದೆಯ ಆಚೆಗೆ ಬಹಳ ಹೋಗುವುದಿಲ್ಲ. ಕೆಲಸ ಬಿಟ್ಟ ನೌಕರ ಎರಡು ವರ್ಷ ಎದುರಾಳಿ ಕಂಪನಿಗೆ ಸೇರಕೂಡದು ಎಂದು ಕರಾರಿನಲ್ಲಿದ್ದರೆ ನಡೆಯುತ್ತದೆಯೇ? ವೃತ್ತಿಗೆ ತಡೆಯೊಡ್ಡುವ ಕರಾರು ಅನೂರ್ಜಿತ ಎನ್ನುವ 27ನೇ ಕಲಮು ನೆನಪಾದರೆ ಅರ್ಧ ಗೆದ್ದಂತೆ. ಉಳಿದರ್ಧ, ‘ಹಾಗಾದರೆ ಆ ಕಂಪನಿ ತನ್ನ ಗುಟ್ಟು ಕಾಪಾಡಿಕೊಳ್ಳಲು ಏನು ಮಾಡಬೇಕು?’ ಎಂಬ ಮರುಪ್ರಶ್ನೆಗೆ ಕೊಡುವ ಉತ್ತರದಲ್ಲಿದೆ. ಕಲಮು ಹೇಳುವವರು ಬಹಳ ಜನ, ಕಕ್ಷಿದಾರನಿಗೆ ದಾರಿ ಹೇಳುವವರು ಕಡಿಮೆ.

ಖರಾಬು, ಪೋಡಿ, ದರಖಾಸ್ತು

ಈಗ ಹುಡುಗಿಯ ಕೈಯಲ್ಲಿರುವುದರ ವಿಷಯ. ಅವಳ ಸಿವಿಯ ಕೊನೆಯ ಸಾಲಿನಲ್ಲಿ, ಹವ್ಯಾಸಗಳ ಕೆಳಗೆ, ‘ಭಾಷೆ: ಇಂಗ್ಲಿಷ್, ಹಿಂದಿ, ಕನ್ನಡ’ ಎಂದಿರುತ್ತದೆ. ಕನ್ನಡ ಮೂರನೆಯದು. ಬೆಂಗಳೂರಿನ ಕಚೇರಿಗೆ ಅರ್ಜಿ ಹಾಕುವಾಗ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಒಂದು ಕಂಪನಿ ದೇವನಹಳ್ಳಿ ಕಡೆ ಗೋದಾಮು ಕಟ್ಟಲು ಹತ್ತು ಎಕರೆ ಕೊಳ್ಳುತ್ತದೆ ಎಂದುಕೊಳ್ಳಿ. ಸಾಲ ಕೊಡುವ ಬ್ಯಾಂಕಿಗೆ ‘ಜಮೀನಿನ ಹಕ್ಕು ಶುದ್ಧವಾಗಿದೆ’ ಎಂಬ ಅಭಿಪ್ರಾಯಪತ್ರ ಬೇಕು. ವಾಡಿಕೆಯಂತೆ 30 ವರ್ಷ, ಅನುಮಾನ ಬಂದರೆ ಇನ್ನೂ ಹಿಂದಕ್ಕೆ ಹೋಗಿ ನೋಡುತ್ತಾರೆ. ಮೂಲಪತ್ರ, ಕ್ರಯಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಪಹಣಿ, ಮ್ಯುಟೇಷನ್, ವಂಶವೃಕ್ಷ, ಭೂಪರಿವರ್ತನೆ ಆದೇಶ, ಋಣಭಾರ ಪ್ರಮಾಣಪತ್ರ (ಇಸಿ). ಅಭಿಪ್ರಾಯಪತ್ರ ಇಂಗ್ಲಿಷಿನದು, ಅದರ ಕೆಳಗಿನ ಕಾಗದಗಳೆಲ್ಲ ಬಹುಮಟ್ಟಿಗೆ ಕನ್ನಡದವು. ‘ಭೂಮಿ’ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಹೋದದ್ದು 2000ದ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನವು ಗ್ರಾಮಲೆಕ್ಕಿಗರ, ಅದಕ್ಕೂ ಹಿಂದಿನವು ಶಾನುಭೋಗರ ಕೈಬರಹ. ಶಾಯಿ ಮಾಸಿದೆ, ಮಡಿಕೆಯಲ್ಲಿ ಹರಿದಿದೆ, ಒತ್ತಕ್ಷರ ಯಾವುದು ಕಲೆ ಯಾವುದು ತಿಳಿಯದು.

ಕನ್ನಡ ಓದಲು ಬಾರದ ವಕೀಲರು ಇವನ್ನು ಅನುವಾದಕ್ಕೆ ಕೊಡುತ್ತಾರೆ. ಅನುವಾದಕ ನಿಘಂಟು ನೋಡಿ ‘ಖರಾಬು’ ಎಂಬುದನ್ನು ‘ಕೆಟ್ಟ ಜಮೀನು’ ಎಂದು ಬರೆದರೆ ಕೆಲಸ ಕೆಟ್ಟಿತು. ಎ ಖರಾಬು ಬೇಸಾಯಕ್ಕೆ ಒದಗದ ಭೂಮಿ. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಅದನ್ನು ಯಾರೂ ಮಾರುವಂತಿಲ್ಲ. ಹತ್ತು ಎಕರೆಯಲ್ಲಿ 12 ಗುಂಟೆ ಬಿ ಖರಾಬು ನಡುವೆಯೇ ಹಾದುಹೋಗಿದ್ದರೆ ಗೋದಾಮಿನ ನಕ್ಷೆಯೇ ಬದಲಾಗಬೇಕು. ಪೋಡಿ, ಅಂದರೆ ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು, ಆಗಿದೆಯೋ ಇಲ್ಲವೋ, ಹಿಸ್ಸಾ ನಂಬರು ಚಕ್ಕುಬಂದಿಗೆ ತಾಳೆಯಾಗುತ್ತದೆಯೋ ಇಲ್ಲವೋ, ಇವೆಲ್ಲ ಇಂಗ್ಲಿಷಿನ ಪಠ್ಯಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ.

ಇನ್ನೊಂದು ಪದ ದರಖಾಸ್ತು. ಸರ್ಕಾರಿ ಜಮೀನನ್ನು ಅರ್ಜಿಯ ಮೇಲೆ ಮಂಜೂರು ಮಾಡಿಸಿಕೊಳ್ಳುವುದು. ಆ ಮಂಜೂರು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಆಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಎದುರಾಗುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ಅಸಿಂಧು. ‘ಸಮಂಜಸ ಕಾಲದೊಳಗೆ ಅರ್ಜಿ ಹಾಕಿಲ್ಲ’ ಎಂಬ ಕಾರಣಕ್ಕೆ ಮೂಲ ಮಂಜೂರಿದಾರರ ಅರ್ಜಿಗಳು ಬಿದ್ದುಹೋಗುತ್ತಿದ್ದವು. ಸುಪ್ರೀಂ ಕೋರ್ಟಿನ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪಿನ ಪರಿಣಾಮ ಅದು. 2023ರಲ್ಲಿ ರಾಜ್ಯ ಕಾಯ್ದೆ ತಿದ್ದಿ ಕಾಲಮಿತಿಯ ಆ ತಡೆಯನ್ನು ತೆಗೆಯಲು ಹೊರಟಿತು. ಹೀಗಾಗಿ 1962ರ ಒಂದು ಸಾಗುವಳಿ ಚೀಟಿಯಲ್ಲಿ ಮಂಜೂರಿದಾರನ ಹೆಸರಿನ ಮುಂದೆ ‘ಆ.ಕ.’ ಎಂದಿರುವ ಎರಡಕ್ಷರವನ್ನು ಗಮನಿಸಿ ‘ಆದಿ ಕರ್ನಾಟಕ’ ಎಂಬ ಪರಿಶಿಷ್ಟ ಜಾತಿಯೆಂದು ಬಿಡಿಸಿ ಓದಿದ ಇಂಟರ್ನ್, ಕೋಟಿಗಟ್ಟಲೆಯ ಖರೀದಿಯನ್ನು ನಿಲ್ಲಿಸಿ ನೋಡುವಂತೆ ಮಾಡಬಲ್ಲಳು. ನಿಲ್ಲಿಸಬೇಕಾದದ್ದೂ ಹೌದು. ಆ ಎರಡಕ್ಷರದ ಹಿಂದೆ ಒಂದು ಕುಟುಂಬದ ಹಕ್ಕಿದೆ.

ವಂಶವೃಕ್ಷದ ಕತೆ ಇನ್ನೂ ಹತ್ತಿರದ್ದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕೇಂದ್ರ 2005ರಲ್ಲಿ ಮಾಡಿತು. ಕರ್ನಾಟಕ 1994ರಲ್ಲೇ ಮಾಡಿತ್ತು, ಅದಾಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2020ರ ವಿನೀತಾ ಶರ್ಮಾ ತೀರ್ಪು ತಂದೆ 2005ರಲ್ಲಿ ಬದುಕಿರಬೇಕೆಂಬ ಗೊಂದಲವನ್ನೂ ತೆಗೆಯಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗ ಆಗಿದ್ದರೆ ಅದು ಉಳಿಯುತ್ತದೆ. ಇಷ್ಟು ಗೊತ್ತಿದ್ದರೆ ವಿಭಾಗಪತ್ರ ಓದುವಾಗ ಕಣ್ಣು ತಾನಾಗಿ ಮೂರು ಕಡೆ ಹೋಗುತ್ತದೆ: ದಿನಾಂಕ, ಹೆಣ್ಣುಮಕ್ಕಳ ಹೆಸರು, ಅವರ ಸಹಿ. ‘ಅರಿಶಿನ ಕುಂಕುಮಕ್ಕೆಂದು ಕೊಟ್ಟು’ ಎಂಬಂಥ ಒಂದು ಮಾತು ಪತ್ರದ ನಡುವೆ ಬಂದರೆ, ಅದು ದಾನವೋ ಪಾಲಿಗೆ ಬದಲಿಯೋ ಎಂಬ ಪ್ರಶ್ನೆ ಹುಟ್ಟುವುದು ಆ ಮಾತನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ.

ಈ ವಿದ್ಯೆ ಕಲಿಯಲು ಮೊದಲ ಪಾಠಪುಸ್ತಕ ಮನೆಯ ಬೀರುವಿನಲ್ಲೇ ಇದೆ. ಕುರುಬರಹಳ್ಳಿ, ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ ಇವೆಲ್ಲ ಹೆಸರಿಗೆ ತಕ್ಕಂತೆ ಹಳ್ಳಿಗಳಾಗಿದ್ದವು. ಅವುಗಳ ಹೊಲಗದ್ದೆಯ ಮೇಲೆ ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ, ಬಸವೇಶ್ವರನಗರ ಎದ್ದವು. 1945ರ ನಗರ ಸುಧಾರಣಾ ವಿಶ್ವಸ್ತ ಮಂಡಳಿ, ಅದರ ಜಾಗಕ್ಕೆ 1976ರಲ್ಲಿ ಬಂದ ಬಿಡಿಎ, ಗೃಹ ನಿರ್ಮಾಣ ಸಹಕಾರ ಸಂಘಗಳು, ಕಂದಾಯ ನಿವೇಶನಗಳು ಎಲ್ಲದರ ಗುರುತೂ ಈ ಭಾಗದ ಕ್ರಯಪತ್ರಗಳಲ್ಲಿದೆ. ಸ್ವಂತ ಮನೆಯದೋ, ಮಾಲೀಕರು ಒಪ್ಪಿದರೆ ಬಾಡಿಗೆ ಮನೆಯದೋ ಪತ್ರ ತೆಗೆದು, ಸರ್ವೆ ನಂಬರಿನಿಂದ ಹಿಡಿದು ಇಂದಿನ ಇ–ಖಾತೆವರೆಗೆ ಹಕ್ಕಿನ ಸರಣಿಯನ್ನು ಇಸವಿವಾರು ಒಂದು ಪುಟದಲ್ಲಿ ಬರೆದುನೋಡಬೇಕು. ಎರಡನೆಯ ಪಾಠಶಾಲೆ ಉಪನೋಂದಣಿ ಕಚೇರಿಯ ಸುತ್ತಲಿನ ಪತ್ರ ಬರಹಗಾರರು. ಅವರಿಗೆ ತಿಳಿದಷ್ಟು ಕಂದಾಯದ ಪದಗಳು ಎಷ್ಟೋ ಪ್ರಾಧ್ಯಾಪಕರಿಗೆ ತಿಳಿಯವು.

ಆಮೇಲೆ ಸಿವಿಯ ಮೊದಲ ಪುಟದಲ್ಲಿ, ಮೇಲ್ಭಾಗದಲ್ಲಿ, ಸ್ಪಷ್ಟವಾಗಿ ಬರೆಯಬೇಕು: ಕೈಬರಹದ ಕನ್ನಡ ಕಂದಾಯ ದಾಖಲೆಗಳನ್ನು ಓದಿ, ಹಕ್ಕಿನ ಸರಣಿಯನ್ನು ಇಂಗ್ಲಿಷಿನಲ್ಲಿ ಬರೆಯಬಲ್ಲೆ. ರಿಯಲ್ ಎಸ್ಟೇಟ್ ವಿಭಾಗಕ್ಕೆ ಅರ್ಜಿ ಎಂದು ಹೆಸರಿಸಿಯೇ ಕಳಿಸಬೇಕು.

ಇದರಲ್ಲೊಂದು ಅಪಾಯವೂ ಉಂಟು. ಕನ್ನಡ ಬಲ್ಲ ಇಂಟರ್ನ್ ಹುಡುಗಿಯನ್ನು ನಾಲ್ಕು ವಾರವೂ ಅನುವಾದಕ್ಕೇ ಕೂರಿಸಿಬಿಡಬಹುದು. ‘ಈ ಪತ್ರಗಳ ಮೇಲಿನ ವರದಿಯ ಕರಡನ್ನೂ ನಾನೇ ಬರೆಯುತ್ತೇನೆ, ತಿದ್ದಿಕೊಡಿ’ ಎಂದು ಎರಡನೆಯ ದಿನವೇ ಕೇಳಿಬಿಡಬೇಕು. ಇಂಗ್ಲಿಷಿನಲ್ಲಿ ತಪ್ಪಿಲ್ಲದೆ, ಚುಟುಕಾಗಿ ಬರೆಯುವ ಅಭ್ಯಾಸ ಇಲ್ಲದಿದ್ದರೆ ಈ ಊರಿನ ಫರ್ಮ್ ಕೆಲಸ ದಕ್ಕುವುದಿಲ್ಲ ಎನ್ನುವುದನ್ನೂ ಮುಚ್ಚಿಡುವಂತಿಲ್ಲ. ಕಾನೂನು ವಿ.ವಿ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ವಕೀಲರ ಪರೀಕ್ಷೆಯನ್ನೂ ಬರೆಯಬಹುದು. ಷೇರು ಖರೀದಿ ಒಪ್ಪಂದ ಮಾತ್ರ ಕನ್ನಡದಲ್ಲಿ ಬರುವುದಿಲ್ಲ. ಎರಡೂ ಕಾಲಿನ ಮೇಲೆ ನಿಲ್ಲುವವರಿಗೇ ಇಲ್ಲಿ ಬೆಲೆ.

ಪಾಸು, ಕೋಟು, ಊಟದ ಡಬ್ಬಿ

ಹಣದ ಲೆಕ್ಕದಲ್ಲಿ ಕುರುಬರಹಳ್ಳಿಯವಳು ದೆಹಲಿ, ಭೋಪಾಲದಿಂದ ಬರುವವರಿಗಿಂತ ಮುಂದಿದ್ದಾಳೆ. ದೊಡ್ಡ ಫರ್ಮ್‌ಗಳು ಇಂಟರ್ನ್‌ಗಳಿಗೆ ಭತ್ಯೆ ಕೊಡುವುದುಂಟು, ಸಣ್ಣ ಕಚೇರಿಗಳಲ್ಲಿ ಹೆಚ್ಚಾಗಿ ಏನೂ ಸಿಗದು. ಹೊರಗಿನವರು ತಿಂಗಳ ಪಿ.ಜಿ. ಬಾಡಿಗೆ ತೆರಬೇಕು. ಇವಳಿಗೆ ಮನೆಯ ಊಟ, 2023ರ ಜೂನ್ 11ರಿಂದ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿದ ಮೇಲೆ ಇದೇನು ಸಣ್ಣ ಉಳಿತಾಯವಲ್ಲ. ರಾತ್ರಿ ಒಂಬತ್ತಕ್ಕೆ ‘ಇನ್ನೊಂದು ಡಾಕ್ಯುಮೆಂಟ್ ನೋಡಿ ಹೋಗಿ’ ಎಂದರೆ ಮಾತ್ರ ಲೆಕ್ಕ ತಲೆಕೆಳಗು. ಹಾಗೆ ಹೇಳುವ ಕಚೇರಿಯೇ ಮನೆಗೆ ಕ್ಯಾಬ್ ಕೊಡುತ್ತದೆಯೇ ಎಂದು ಮೊದಲ ದಿನವೇ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು.

ಫರ್ಮ್‌ನಿಂದ ಉತ್ತರ ಬಾರದೇ ಹೋದರೆ? ಬಾರದಿರುವುದೇ ಹೆಚ್ಚು. ಆಗ ದಾರಿಯಲ್ಲಿ ಮೊದಲೇ ಇಳಿಯಬೇಕು, ಸೆಂಟ್ರಲ್ ಕಾಲೇಜಿನಲ್ಲಿ. ನಗರ ಸಿವಿಲ್ ನ್ಯಾಯಾಲಯ ಅಲ್ಲಿಗೆ ಹತ್ತಿರ. ವಿಚಾರಣಾ ನ್ಯಾಯಾಲಯದ ವಕೀಲರ ಬಳಿ ಕಲಿಯುವುದು ಹೇಗೂ ಕಡ್ಡಾಯ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದು ಒಂದು ಕೋಟಿಯಿದ್ದ ಮಿತಿ ಮೂರು ಲಕ್ಷ ರೂಪಾಯಿಗೆ ಇಳಿದ ಮೇಲೆ ಪೂರೈಕೆದಾರರ ಬಾಕಿ, ಫ್ರಾಂಚೈಸಿ ಜಗಳ, ಗುತ್ತಿಗೆ ತಕರಾರುಗಳೆಲ್ಲ ಆ ಕೋರ್ಟುಗಳಿಗೆ ಬರುತ್ತವೆ. ಎಂ.ಜಿ. ರಸ್ತೆಯಲ್ಲಿ ಬರೆದ ಕರಾರು ಮುರಿದಾಗ ಏನಾಗುತ್ತದೆಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ತೆರೆದ ನ್ಯಾಯಾಲಯ, ಹಿಂದಿನ ಬೆಂಚಿನಲ್ಲಿ ಕೂರಲು ಅರ್ಜಿ ಬೇಡ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ವಿಚಾರಿಸಿ ನೋಡಬೇಕಾದ ಕಡೆ.

ಪದವಿಯ ನಂತರದ ದಾರಿಖರ್ಚಿಗೂ ಕೆಲವು ಆಸರೆಗಳಿವೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ‘ನ್ಯಾಯಾಡಳಿತ ತರಬೇತಿ’ ಹೆಸರಿನಲ್ಲಿ ರಾಜ್ಯ ಸರ್ಕಾರ ಮಾಸಿಕ ಭತ್ಯೆ ಕೊಡುತ್ತದೆ. ಆಯಾ ಇಲಾಖೆಗಳು ಜಿಲ್ಲಾವಾರು ಅರ್ಜಿ ಕರೆಯುತ್ತವೆ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಅದು ಶಿಫಾರಸು ಮಾತ್ರ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ ಎಂದು ಅದೇ ವರ್ಷ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಮಾತ್ರ ಶಿಫಾರಸಲ್ಲ.

ಫರ್ಮ್ ಸೇರಿದವರು ಕೋರ್ಟಿನ ಮುಖ ನೋಡುವುದಿಲ್ಲ ಎಂಬ ಮಾತು ಹಿರಿಯ ವಕೀಲರ ಬಾಯಲ್ಲಿ ಆಗಾಗ ಬರುತ್ತದೆ. ಅದಕ್ಕೆ ಬೆಂಗಳೂರೇ ಎದುರುತ್ತರ ಕೊಟ್ಟಿದೆ. 1987ರಲ್ಲಿ ವಕೀಲಿಕೆಗೆ ನೋಂದಾಯಿಸಿಕೊಂಡ ಬಿ.ವಿ. ನಾಗರತ್ನ ಮೊದಲು ಕೆಲಸ ಮಾಡಿದ್ದು ಕೆಸ್ವಿ ಅಂಡ್ ಕಂಪನಿ ಎಂಬ ಇಲ್ಲಿನ ವಕೀಲರ ಸಂಸ್ಥೆಯಲ್ಲಿ. 1994ರಲ್ಲಿ ಸ್ವತಂತ್ರವಾಗಿ ವಕಾಲತ್ತು ಶುರುಮಾಡಿದರು, 2008ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು, 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ಇನ್ನು ಒಂದು ಮಾತು ಕಚೇರಿಗಳಿಗೆ. ಅರ್ಜಿ ನಮೂನೆಯಲ್ಲಿ ಅಂಕ, ಮೂಟ್, ಪ್ರಕಟಣೆಗಳಿಗೆ ಸಾಲು ಸಾಲು ಜಾಗವಿದೆ. ಬೆಂಗಳೂರಿನ ನೆಲದ ಕೆಲಸ ಮಾಡುವ ಪ್ರತಿ ಫರ್ಮ್ ತನ್ನ ನಮೂನೆಗೆ ಇನ್ನೊಂದು ಸಾಲು ಸೇರಿಸಲಿ: ‘ಕೈಬರಹದ ಪಹಣಿ ಓದಬಲ್ಲಿರಾ?’ ಹೌದು ಎಂದವರಿಗೆ ಒಂದು ಹಳೆಯ ವಿಭಾಗಪತ್ರ ಕೊಟ್ಟು ಅರ್ಧ ಗಂಟೆ ಬಿಡಲಿ.